ಕೋಚ್ ಅಂಕಲ್‌ಗೆ ಹೇಳದ ಹನ್ನೊಂದು ದಿನ

ಮೊನ್ನೆ ಗ್ಯಾರೇಜ್ ಖಾಲಿ ಮಾಡುವಾಗ ಒಂದು ರಬ್ಬರ್ ತುಂಡು ಸಿಕ್ಕಿತು. ಅಮೆರಿಕದ ನಮ್ಮ ಈ ಊರು ಮೆಟುಚೆನ್‌ನಲ್ಲಿ ದೊಡ್ಡ ಸಾಮಾನನ್ನು ರಸ್ತೆ ಬದಿಗೆ ಇಟ್ಟರೆ ಊರಿನ ಕಸದ ಗಾಡಿಯವರೇ ಎತ್ತಿಕೊಂಡು ಹೋಗುವ ದಿನ ಅಂತ ಒಂದಿರುತ್ತದೆ. ಆ ದಿನ ತಪ್ಪಿತೋ, ಮುರಿದ ಕುರ್ಚಿಯೂ ಕೆಟ್ಟ ಟ್ರೆಡ್‌ಮಿಲ್ಲೂ ಮತ್ತೆ ತಿಂಗಳುಗಟ್ಟಲೆ ನಮ್ಮ ಜೊತೆಗೇ ಸಂಸಾರ ಮಾಡುತ್ತವೆ. ಅವಸರದಲ್ಲಿ ಪೆಟ್ಟಿಗೆಗಳನ್ನು ಎಳೆಯುತ್ತಿದ್ದೆ. ಮಗ ನಿಖಿಲನ ಹಳೆಯ ಶೂಗಳ ಕೆಳಗೆ ಅದು ಬಿದ್ದಿತ್ತು. ಅಂಗೈ ಅಗಲ, ಕಪ್ಪು ಬಣ್ಣ, ಹಪ್ಪಳದಷ್ಟು ತೆಳ್ಳಗೆ. ಒಂದು ಕಡೆ ಚಾಕುವಿನಿಂದ ಹೆರೆದ ಗೀರುಗಳು. ಮೂಗಿನ ಹತ್ತಿರ ತಂದರೆ ಇನ್ನೂ ರಬ್ಬರಿನ, ಒಣಗಿದ ಹುಲ್ಲಿನ ವಾಸನೆ. ಇದ್ದಬದ್ದದ್ದನ್ನೆಲ್ಲ ಹೊರಗೆ ಎಸೆಯುತ್ತಿದ್ದವಳು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಕೋಚ್ ಅಂಕಲ್ ನೆನಪಾದರು.

ಈ ರಬ್ಬರಿನ ಕಥೆ ಹೇಳಬೇಕಾದರೆ ಅಮೆರಿಕನ್ ಫುಟ್‌ಬಾಲಿನ ಬಗ್ಗೆ ಎರಡು ಮಾತು ಹೇಳಬೇಕು. ಅದು ನಮ್ಮ ಕಾಲ್ಚೆಂಡಲ್ಲ. ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಆಟ. ನನಗೆ ಇವತ್ತಿಗೂ ಅದು ಪೂರ್ತಿ ಅರ್ಥವಾಗಿಲ್ಲ. ಆದರೆ ಪ್ರತಿ ಟೀಮಿನಲ್ಲೂ ಕಿಕರ್ ಅಂತ ಒಬ್ಬ ಇರುತ್ತಾನೆ. ಬಾಕಿಯವರೆಲ್ಲ ಗುದ್ದಾಡಿ ಸುಸ್ತಾದ ಮೇಲೆ ಅವನು ಒಳಗೆ ಬಂದು, ಚೆಂಡನ್ನು ಎರಡು ಕಂಬಗಳ ನಡುವೆ ಒದ್ದು, ಹೊರಗೆ ಹೋಗುತ್ತಾನೆ. ನಮ್ಮ ನಿಖಿಲ ಸಾಕರ್, ಅಂದರೆ ನಮ್ಮ ಕಾಲ್ಚೆಂಡು, ಆಡುತ್ತಿದ್ದ. ಅವನ ಹೈಸ್ಕೂಲಿನವರು ಅವನ ಕಾಲು ನೋಡಿ ಈ ಕೆಲಸಕ್ಕೆ ಕರೆದರು. ಇಡೀ ಆಟದಲ್ಲಿ ಬಟ್ಟೆ ಕೊಳೆಯಾಗದ, ತಲೆಗೆ ಏಟು ಬೀಳದ ಹುಡುಗ ಇವನೊಬ್ಬನೇ ಎಂದು ಗೊತ್ತಾದ ಮೇಲೆ ನಾನೂ ಹ್ಞೂಂ ಅಂದೆ.

ಕೋಚ್ ಅಂಕಲ್ ಸಿಕ್ಕಿದ್ದು ಕನ್ನಡ ಸಂಘದ ಪಿಕ್ನಿಕ್ಕಿನಲ್ಲಿ. ನಾವೆಲ್ಲ ಬಿಸಿಬೇಳೆಭಾತಿನ ಸಾಲಿನಲ್ಲಿ ನಿಂತಿದ್ದಾಗ ಈ ಮನುಷ್ಯ ತಟ್ಟೆ ಹಿಡಿದುಕೊಂಡೇ ಹುಲ್ಲಿನ ಮೇಲೆ ನಡೆದು ಹೋಗಿ, ಚೆಂಡು ಒದೆಯುತ್ತಿದ್ದ ನನ್ನ ಮಗನನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ನನ್ನ ಹತ್ತಿರ ಬಂದು, ನಿಮ್ಮ ಹುಡುಗನ ಕಾಲು ಚೆನ್ನಾಗಿದೆ, ಸೊಂಟ ಮಾತ್ರ ಸೋಮಾರಿ ಅಂದರು. ನನಗೆ ರೇಗಿತು. ಗುರುತಿಲ್ಲ ಪರಿಚಯವಿಲ್ಲ, ಮಗನ ಸೊಂಟದ ವಿಚಾರ ಮಾತಾಡುತ್ತಾರಲ್ಲ ಅಂತ. ಅವರು ಬೆಂಗಳೂರಿನ ಆಸ್ಟಿನ್ ಟೌನಿನವರು. ಹುಡುಗರಾಗಿದ್ದಾಗ ಬರಿಗಾಲಿನಲ್ಲಿ ಫುಟ್‌ಬಾಲ್ ಆಡುತ್ತ ಬೆಳೆದು, ಒಂದು ಕಾರ್ಖಾನೆಯ ಟೀಮಿನಲ್ಲಿ ವರ್ಷಗಟ್ಟಲೆ ಹಾಫ್‌ಬ್ಯಾಕ್ ಆಗಿದ್ದವರು. ಮಗಳು ಇಲ್ಲಿ ನರ್ಸ್. ಅವಳು ಸ್ಪಾನ್ಸರ್ ಮಾಡಿ ಕರೆಸಿಕೊಂಡಿದ್ದಳು. ಸುಮ್ಮನೆ ಕೂರುವ ಜಾಯಮಾನದವರಲ್ಲ. ಸೀಕಾಕಸ್‌ನ ಒಂದು ವೇರ್‌ಹೌಸಿನಲ್ಲಿ ಡಬ್ಬಿಗಳನ್ನು ಸ್ಕ್ಯಾನ್ ಮಾಡುವ ಕೆಲಸಕ್ಕೆ ಸೇರಿಕೊಂಡಿದ್ದರು. ಮೊಮ್ಮಗ ರೋಹನ್ ಕಿಕರ್ ಆಗುತ್ತೇನೆ ಅಂದಾಗ, ಆ ವಯಸ್ಸಿನಲ್ಲಿ ಕೂತು ಈ ಆಟದ ವಿಡಿಯೋಗಳನ್ನೆಲ್ಲ ನೋಡಿ ಕಲಿತರು. ಇಲ್ಲಿನ ಉದ್ದನೆ ಚೆಂಡಿಗೆ ಅವರು ಇಟ್ಟ ಹೆಸರು ಮೊಟ್ಟೆ.

ಭಾನುವಾರ ಬೆಳಿಗ್ಗೆ ಪಾರ್ಕಿನ ಮೈದಾನದಲ್ಲಿ ಇಬ್ಬರೇ ಶಿಷ್ಯರು, ರೋಹನ್ ಮತ್ತು ನಿಖಿಲ. ಒಬ್ಬ ಮಂಡಿಯೂರಿ ಚೆಂಡನ್ನು ಬೆರಳ ತುದಿಯಲ್ಲಿ ನಿಲ್ಲಿಸಿ ಹಿಡಿಯಬೇಕು, ಇನ್ನೊಬ್ಬ ಓಡಿ ಬಂದು ಒದೆಯಬೇಕು. ಹತ್ತು ಸಲ ಆದಮೇಲೆ ಅದಲುಬದಲು. ಹಿಡಿಯುವವನು ಕಣ್ಣು ಮುಚ್ಚಿದರೆ ಅಂಕಲ್‌ಗೆ ಸಿಟ್ಟು ಬರುತ್ತಿತ್ತು. ನಿನ್ನ ಬೆರಳನ್ನ ಅವನ ಕಾಲಿಗೆ ನಂಬಿ ಕೊಟ್ಟಿದ್ದೀಯ, ನೋಡ್ಕೊಂಡೇ ಕೊಡು ಅನ್ನುತ್ತಿದ್ದರು. ಹೈಸ್ಕೂಲಿನಲ್ಲಿ ಚೆಂಡನ್ನು ರಬ್ಬರ್ ತುಂಡಿನ ಮೇಲಿಟ್ಟು ಒದೆಯಬಹುದು. ಕಾಲೇಜಿನಲ್ಲಿ ಹಾಗಿಲ್ಲ, ಬರೀ ನೆಲದಿಂದ ಒದೆಯಬೇಕು. ಎಷ್ಟೋ ಹುಡುಗರು ಅಲ್ಲೇ ಎಡವುತ್ತಾರಂತೆ. ಅಂಕಲ್ ಏನು ಮಾಡಿದರು ಅಂದರೆ, ಇಬ್ಬರು ಹುಡುಗರ ರಬ್ಬರನ್ನೂ ತಿಂಗಳಿಗೊಂದು ಸಲ ಮನೆಗೆ ಒಯ್ದು ಒಂದೊಂದು ಪದರ ಹೆರೆದು ತರುತ್ತಿದ್ದರು. ಹುಡುಗರಿಗೆ ಗೊತ್ತೇ ಆಗುತ್ತಿರಲಿಲ್ಲ. ನಾನು ಒಂದು ದಿನ ಗಮನಿಸಿ ಕೇಳಿದರೆ, ತುಟಿ ಮೇಲೆ ಬೆರಳಿಟ್ಟರು.

ಹನ್ನೊಂದನೇ ಕ್ಲಾಸು ಮುಗಿಯುವ ಬೇಸಿಗೆಯಲ್ಲಿ ಕಾಲೇಜುಗಳ ಕರೆ ಶುರುವಾಯಿತು. ಈ ಲೋಕದ ಪದ್ಧತಿ ವಿಚಿತ್ರ. ಯೂನಿವರ್ಸಿಟಿಯ ಕೋಚ್ ಬಂದು ಸ್ಕಾಲರ್‌ಶಿಪ್ ಕೊಡುತ್ತೇವೆ ಅನ್ನುತ್ತಾನೆ, ಹುಡುಗ ಬರುತ್ತೇನೆ ಅನ್ನುತ್ತಾನೆ. ಇದಕ್ಕೆ ಕಮಿಟ್ ಆಗುವುದು ಅಂತ ಹೆಸರು. ಆದರೆ ಎಲ್ಲ ಬಾಯಿಮಾತು. ಡಿಸೆಂಬರಿನ ಸೈನಿಂಗ್ ಡೇ ದಿನ ಸಹಿ ಬೀಳುವವರೆಗೆ ಅವರೂ ಬಿಡಬಹುದು, ಇವನೂ ಬಿಡಬಹುದು. ಹುಡುಗ ಒಂದು ಟೀಮ್ ಬಿಟ್ಟು ಇನ್ನೊಂದಕ್ಕೆ ಹೊರಳಿದರೆ ಫ್ಲಿಪ್ ಅನ್ನುತ್ತಾರೆ. ಕಿಕರ್‌ಗಳ ಪಾಡು ಇನ್ನೂ ಕಷ್ಟ, ಯಾಕೆಂದರೆ ಒಂದು ಟೀಮು ವರ್ಷಕ್ಕೆ ಒಬ್ಬನನ್ನು ತೆಗೆದುಕೊಂಡರೆ ಹೆಚ್ಚು. ನಿಖಿಲ ಕಮಿಟ್ ಆಗಿದ್ದು ಹಸಿರು ಅಂಗಿಯ ಟೀಮಿಗೆ. ರೋಹನ್ ಅದರ ಹಳೆಯ ಎದುರಾಳಿಗೆ, ಹಳದಿ ಅಂಗಿಯವರಿಗೆ. ಅಂಕಲ್‌ಗೆ ಹಿಗ್ಗೋ ಹಿಗ್ಗು. ಎರಡು ಟೀಮಿಗೂ ಮ್ಯಾಚ್ ಇರೋ ದಿನ ನಾನು ಎಲ್ಲಿ ಕೂತ್ಕೊಳ್ಳೋದು ಅಂತ ಸಿಕ್ಕಸಿಕ್ಕವರನ್ನೆಲ್ಲ ಕೇಳಿಕೊಂಡು ಓಡಾಡಿದರು.

ಆ ಶರತ್ಕಾಲದಲ್ಲಿ ನಿಖಿಲ ಐವತ್ತು ಗಜದಾಚೆಯಿಂದ ಒಂದು ಗೋಲು ಹೊಡೆದ. ಅದರ ವಿಡಿಯೋ ಎಲ್ಲ ಕಡೆ ಓಡಾಡಿತು. ಡಿಸೆಂಬರ್ ಹತ್ತಿರ ಬಂದಾಗ, ಒಂದು ಶನಿವಾರ ಮಧ್ಯಾಹ್ನ, ಹಳದಿ ಅಂಗಿಯ ಯೂನಿವರ್ಸಿಟಿಯಿಂದ ಫೋನ್ ಬಂತು. ನೀನು ನಮ್ಮಲ್ಲಿಗೆ ಬಾ, ಪೂರ್ತಿ ಸ್ಕಾಲರ್‌ಶಿಪ್ ಕೊಡುತ್ತೇವೆ. ಹಸಿರಿನವರು ಕೊಟ್ಟಿದ್ದು ಅರ್ಧ. ಅದಕ್ಕಿಂತ ದೊಡ್ಡ ವಿಷಯ, ಹಳದಿಯವರ ಇಂಜಿನಿಯರಿಂಗ್ ಕಾಲೇಜಿಗೆ ದೊಡ್ಡ ಹೆಸರು. ನಿಜ ಹೇಳುತ್ತೇನೆ, ನನಗೆ ಮೊಟ್ಟೆಯೂ ಬೇಕಿರಲಿಲ್ಲ, ಕಂಬವೂ ಬೇಕಿರಲಿಲ್ಲ, ಆ ಇಂಜಿನಿಯರಿಂಗ್ ಸೀಟು ಬೇಕಿತ್ತು. ಮೈಸೂರಿನಲ್ಲಿ ಹುಟ್ಟಿ ಬೆಳೆದವಳು ನಾನು, ಇನ್ನೇನು ತಾನೇ ಆಸೆಪಟ್ಟೇನು! ನಿಖಿಲ ಫೋನಿನಲ್ಲೇ ಕೇಳಿದ, ರೋಹನ್ ಕಥೆ ಏನು ಅಂತ. ಅದನ್ನ ನಾವು ನೋಡಿಕೊಳ್ಳುತ್ತೇವೆ ಅಂತ ಉತ್ತರ ಬಂತು.

ನಮ್ಮ ಮನೆಯಲ್ಲಿ ಒಂದು ನಿಯಮವಿದೆ. ಸ್ಟ್ಯಾಂಪ್ ಬೀಳುವವರೆಗೆ ಬಾಯಿ ಬಿಡಬಾರದು. ಇಲ್ಲಿನ ನಮ್ಮವರ ಮನೆಗಳಲ್ಲೆಲ್ಲ ಇರುವ ನಿಯಮವೇ ಇದು. ವೀಸಾ ಆಗಲಿ, ಗ್ರೀನ್ ಕಾರ್ಡ್ ಆಗಲಿ, ಮನೆ ಕೊಳ್ಳುವುದಾಗಲಿ, ಬಸಿರಾಗಲಿ, ಕೈಗೆ ಬರುವ ಮುಂಚೆ ಹೇಳಿದರೆ ಕಣ್ಣು ಬೀಳುತ್ತದೆ. ಒಂದು ಕಾಲದಲ್ಲಿ ನನ್ನ ಗಂಡ ಗ್ರೀನ್ ಕಾರ್ಡ್ ಬಂದೇಬಿಟ್ಟಿತು ಅಂತ ಟ್ರೈನಿನಲ್ಲಿ ಜೊತೆಗೆ ಹೋಗುವವರಿಗೆಲ್ಲ ಹೇಳಿದ್ದರು. ಅದು ಎಲ್ಲೋ ಸಿಕ್ಕಿಹಾಕಿಕೊಂಡು ವರ್ಷಗಳೇ ಕಳೆದವು. ದಿನಾ ಬೆಳಿಗ್ಗೆ ಅದೇ ಜನ, ಅದೇ ಪ್ರಶ್ನೆ, ಬಂತಾ ಸಾರ್? ಅವತ್ತಿನಿಂದ ನಮ್ಮಿಬ್ಬರ ಬಾಯಿಗೂ ಬೀಗ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಅಂತ ನಮ್ಮ ಅಜ್ಜಿ ಹೇಳಿದ್ದನ್ನು ನಾವು ಅಮೆರಿಕಕ್ಕೆ ಬಂದಮೇಲೆ ವೇದವಾಕ್ಯ ಮಾಡಿಕೊಂಡೆವು. ಯಾರಿಗೂ ಹೇಳಬೇಡಿ ಅಂತ ಹಳದಿಯ ಕೋಚ್ ನಮಗೆ ಹೇಳಿರಲಿಲ್ಲ. ಅದು ನಮ್ಮದೇ ಬುದ್ಧಿ.

ಗಂಡ ಕೂಡ ಈ ಸಲ ತಡವರಿಸಿದರು. ಅಂಕಲ್‌ಗೆ ಮಾತ್ರ ಹೇಳಿಬಿಡೋಣವಾ ಅಂದರು. ನಾನೇ ಬೇಡ ಅಂದೆ. ಹಳದಿಯವರು ಮನಸ್ಸು ಬದಲಾಯಿಸಿದರೆ? ಹಸಿರಿನವರಿಗೆ ಸುದ್ದಿ ಹೋಗಿ ಇದ್ದದ್ದೂ ಕೈಬಿಟ್ಟರೆ? ಸಹಿ ಬೀಳಲಿ, ಆಮೇಲೆ ನಾನೇ ಅವರ ಮನೆಗೆ ಹೋಗಿ ಕಾಲು ಹಿಡಿಯುತ್ತೇನೆ ಅಂದೆ. ನಿಖಿಲ ಮಾತ್ರ ಒಂದೇ ಸಮ ನನ್ನ ಹಿಂದೆ ಬಿದ್ದಿದ್ದ. “ಮಾಮ್, ಐ ಶುಡ್ ಟೆಲ್ ರೋಹನ್. ದಿಸ್ ಈಸ್ ನಾಟ್ ಓಕೆ.” ನಾನು ಅವನಿಂದ ನನ್ನ ತಲೆ ಮುಟ್ಟಿಸಿ ಆಣೆ ಮಾಡಿಸಿದೆ. ಇಲ್ಲಿ ಹುಟ್ಟಿದ ಹುಡುಗ, ಆಣೆ ಎಂದರೇನು ಅಂತ ಅವನಿಗೆ ಸರಿಯಾಗಿ ಗೊತ್ತೂ ಇರಲಿಲ್ಲ. ನನ್ನ ಮುಖ ನೋಡಿ ಹೆದರಿ ಒಪ್ಪಿಕೊಂಡ.

ಆ ಹನ್ನೊಂದು ದಿನಗಳಲ್ಲಿ ಎರಡು ಭಾನುವಾರ ಬಂದವು. ಎರಡು ಭಾನುವಾರವೂ ಹೋದೆವು, ಹೋಗದಿದ್ದರೆ ಅನುಮಾನ ಬರುತ್ತದಲ್ಲ. ಚಳಿಗೆ ಹುಲ್ಲು ಬೆಳ್ಳಗಾಗಿತ್ತು. ನಾನು ತಣ್ಣನೆಯ ಬೆಂಚಿನ ಮೇಲೆ ಕೂತು ಫ್ಲಾಸ್ಕಿನಿಂದ ಅಂಕಲ್‌ಗೆ ಕಾಫಿ ಬಗ್ಗಿಸಿ ಕೊಟ್ಟೆ. ರೋಹನ್ ಮಂಡಿಯೂರಿ, ಗ್ಲೌಸ್ ತೆಗೆದು, ನನ್ನ ಮಗನಿಗೆ ಚೆಂಡು ಹಿಡಿದ. ನಿಖಿಲ ಅವತ್ತು ಒದ್ದದ್ದೆಲ್ಲ ಅಡ್ಡಾದಿಡ್ಡಿ. ಅಂಕಲ್ ಹತ್ತಿರ ಹೋಗಿ ಅವನ ಬೆನ್ನು ತಟ್ಟಿ, ಸೈನಿಂಗ್ ಡೇ ಹತ್ತಿರ ಬಂತಲ್ಲ, ಹೊಟ್ಟೇಲಿ ಚಿಟ್ಟೆ ಹಾರ್ತಾ ಇದೆ ಇವನಿಗೆ, ಆಗುತ್ತೆ ಬಿಡಿ ಅಂದರು. ಅವರು ಕಾಫಿ ಕುಡಿದು, ಸಕ್ಕರೆ ಇವತ್ತು ಕರೆಕ್ಟಾಗಿದೆ ಅಂತ ಹೊಗಳಿದ್ದು ಕೂಡ ನೆನಪಿದೆ... ಆದರೂ ಬಾಯಿ ಬಿಡಲಿಲ್ಲ.

ಬುಧವಾರ ಸೈನಿಂಗ್ ಡೇ. ನಿಖಿಲ ಬೆಳಿಗ್ಗೆ ಹಸಿರಿನವರಿಗೆ ಫೋನ್ ಮಾಡಿ, ಬರುವುದಿಲ್ಲ, ಕ್ಷಮಿಸಿ ಅಂದ. ಆ ಕಡೆಯವರು ಸರಿ ಅಂತ ಒಂದೇ ಮಾತು ಹೇಳಿ ಫೋನ್ ಇಟ್ಟರು. ಸ್ಕೂಲಿನಲ್ಲಿ ಮೇಜಿನ ಮುಂದೆ ಕೂತು ಹಳದಿಯವರಿಗೆ ಸಹಿ ಹಾಕಿದ. ನಾವು ಅಕ್ಕಪಕ್ಕ ನಿಂತು ಫೋಟೋ ತೆಗೆಸಿಕೊಂಡೆವು. ಅದೇ ಹೊತ್ತಿಗೆ ಪಕ್ಕದೂರಿನ ಹೈಸ್ಕೂಲಿನಲ್ಲಿ ರೋಹನ್ ಹಳದಿ ಟೋಪಿ ಹಾಕಿಕೊಂಡು, ಅವನಮ್ಮ ಕೇಕ್ ತರಿಸಿ, ಕಾಯುತ್ತಿದ್ದರು. ನಿಖಿಲನ ಸಹಿ ಬರುವವರೆಗೆ ಹಳದಿಯವರು ಆ ಹುಡುಗನನ್ನೂ ಕೈಯಲ್ಲಿಟ್ಟುಕೊಂಡಿದ್ದರು. ಸಹಿ ಬಂದಮೇಲೆ ಅವನಿಗೆ ಫೋನ್ ಮಾಡಿದರು, ನಿನಗೆ ಜಾಗವಿಲ್ಲ ಅಂತ.

ಮರುದಿನ ಮಧ್ಯಾಹ್ನ ಅಂಕಲ್ ನಮ್ಮ ಮನೆಗೆ ಬಂದರು. ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು. ನಿಖಿಲನ ಕೈ ಕುಲುಕಿ, ಒಳ್ಳೇ ಕಾಲೇಜು, ಚೆನ್ನಾಗಿ ಓದು ಅಂತ ಹೇಳಿ ಅವನನ್ನು ಮಹಡಿಗೆ ಕಳಿಸಿದರು. ಆಮೇಲೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತರು. ನಾನು ಕಾಫಿಗೆ ಹಾಲಿಟ್ಟೆ. ಬೆನ್ನು ತಿರುಗಿಸಿಕೊಂಡಿರುವುದಕ್ಕೆ ಅದೊಂದು ನೆಪವಾಯಿತು.

“ಯಾವಾಗ ಗೊತ್ತಾಯ್ತಮ್ಮಾ ನಿಮಗೆ?” ಅಂತ ಕೇಳಿದರು.

ಸುಳ್ಳು ಹೇಳಬಹುದಿತ್ತು. ನಿನ್ನೆ ಬೆಳಿಗ್ಗೆ ಅಂದಿದ್ದರೆ ನಂಬುತ್ತಿದ್ದರು. ಯಾಕೋ ಆಗಲಿಲ್ಲ. ಸಹಿಗೆ ಹನ್ನೊಂದು ದಿನ ಮುಂಚೆಯೇ ಅಂಕಲ್ ಅಂದೆ. ಅವರು ಬೆರಳು ಮಡಿಸಿ ಎಣಿಸಿದರು. ಎರಡು ಭಾನುವಾರ ಲೆಕ್ಕಕ್ಕೆ ಬಂದಾಗ ಕೈ ಅಲ್ಲೇ ನಿಂತಿತು.

“ಟೀಮ್ ಬಿಡೋದು ತಪ್ಪಲ್ಲ. ನಾನೂ ಬಿಟ್ಟಿದ್ದೀನಿ. ಆದ್ರೆ ಹದಿನೈದು ದಿನ ಮುಂಚೆ ಹೇಳಿ ಬಿಟ್ಟೆ, ನನ್ನ ಜಾಗಕ್ಕೆ ಇನ್ನೊಬ್ಬ ಹುಡುಗ ಬರಲಿ ಅಂತ. ನಿಖಿಲ್ ಹೊರಟ ಅಂದ್ರೆ ಹಸಿರಿನವರ ಹತ್ರ ಒಂದು ಜಾಗ ಖಾಲಿ ಆಯ್ತಲ್ವಾ? ಒಂದು ಮಾತು ಹೇಳಿದ್ರೆ ಅವತ್ತೇ ರೋಹನ್‌ನ ಕರ್ಕೊಂಡು ಹೋಗಿ ಅವರ ಬಾಗಿಲಲ್ಲಿ ನಿಲ್ತಿದ್ದೆ.”

ಹಿಂದಿನ ದಿನ ಬೆಳಿಗ್ಗೆ ಸುದ್ದಿ ತಿಳಿದ ತಕ್ಷಣ ಅಂಕಲ್ ಹಸಿರಿನವರಿಗೆ ಫೋನ್ ಮಾಡಿದ್ದರಂತೆ. ರೋಹನ್‌ನ ವಿಡಿಯೋಗಳನ್ನು ಹಸಿರಿನವರು ಮೊದಲೇ ನೋಡಿದ್ದರು, ಹುಡುಗ ಇಷ್ಟವೂ ಆಗಿದ್ದ. ಆದರೆ ಕಿಕರ್ ಇಲ್ಲದೆ ಗಾಬರಿಬಿದ್ದು, ಬೇರೆ ಕಾಲೇಜಿನಿಂದ ಬರಲು ಸಿದ್ಧನಿದ್ದ ಒಬ್ಬನಿಗೆ ಆಗಷ್ಟೇ ಹ್ಞೂಂ ಅಂದುಬಿಟ್ಟಿದ್ದರು. ಮುಂಚೆ ಹೇಳಬಾರದಿತ್ತಾ ಅಂತ ಅವರೇ ಅಂಕಲ್ ಅನ್ನು ಕೇಳಿದರಂತೆ.

ಹಾಲು ಉಕ್ಕಿತು. ನಾನು ನೋಡುತ್ತ ನಿಂತಿದ್ದೆ. ಹನ್ನೊಂದು ದಿನವೂ ನಾನು ಯೋಚಿಸಿದ್ದು ಒಂದೇ, ಅಂಕಲ್ ಮನಸ್ಸಿಗೆ ನೋವಾಗುತ್ತದೆ ಅಂತ. ನೋವು ಇವತ್ತಾದರೇನು, ಹತ್ತು ದಿನ ಬಿಟ್ಟಾದರೇನು, ಸಮಾಧಾನ ಹೇಳಿದರಾಯಿತು ಅಂತ. ನನ್ನ ಮಗ ಎದ್ದು ಹೋದರೆ ಅವನ ಕುರ್ಚಿ ಖಾಲಿಯಾಗುತ್ತದೆ, ಅದರಲ್ಲಿ ಇವರ ಮೊಮ್ಮಗ ಕೂರಬಹುದು ಅನ್ನುವುದು ಹೊಳೆಯಲೇ ಇಲ್ಲ. ಹೇಳಿದ್ದರೆ ಇಬ್ಬರು ಹುಡುಗರೂ ಟೀಮು ಅದಲುಬದಲು ಮಾಡಿಕೊಳ್ಳುತ್ತಿದ್ದರು, ಅಷ್ಟೇ. ಯಾರಿಗೂ ನಷ್ಟವಿರಲಿಲ್ಲ. ದೃಷ್ಟಿಯಾಗುತ್ತದೆ ಅಂತ ಬಾಯಿ ಕಟ್ಟಿಕೊಂಡು ಆ ಹುಡುಗನ ದಾರಿಗೆ ನಾನೇ ಅಡ್ಡ ನಿಂತೆ. ತಪ್ಪಾಯಿತು ಅಂಕಲ್ ಅಂದೆ. ಅವರು ಎದ್ದು ಬಂದು ಒಲೆ ಆರಿಸಿದರು. ಉಳಿದ ಹಾಲಿನಲ್ಲಿ ಮಾಡಿಕೊಟ್ಟ ಅರ್ಧ ಲೋಟ ಕಾಫಿಯನ್ನು ಕುಡಿದೇ ಹೋದರು.

ಇನ್ನು ಬರುವುದಿಲ್ಲ ಅಂದುಕೊಂಡಿದ್ದೆ. ಭಾನುವಾರ ಬೆಳಿಗ್ಗೆ ಫೋನ್ ಬಂತು, ಹುಡುಗ ಎಲ್ಲಿ, ಟೈಮಾಯ್ತು ಅಂತ. ರೋಹನ್ ಬರುತ್ತಿರಲಿಲ್ಲ. ಚೆಂಡು ಹಿಡಿಯುವವರಿಲ್ಲವಲ್ಲ, ಅಂಕಲ್ ತಾವೇ ಆ ಒದ್ದೆ ಹುಲ್ಲಿನಲ್ಲಿ ಮಂಡಿಯೂರಿದರು. ಸೊಂಟ ನೋವಿತ್ತು, ಏಳುವಾಗ ನಿಖಿಲ ಕೈ ಕೊಟ್ಟು ಎಬ್ಬಿಸಬೇಕಿತ್ತು. ಬೇಡ ಅಂಕಲ್, ನೀವ್ಯಾಕೆ ಇಷ್ಟು ಕಷ್ಟಪಡ್ತೀರಿ ಅಂತ ಒಮ್ಮೆ ಕೇಳಿದೆ. ರಬ್ಬರ್ ಇನ್ನೂ ಕಾಲಿಂಚು ಉಳಿದಿದೆ, ಅರ್ಧಕ್ಕೆ ಬಿಟ್ಟು ಕಳಿಸಿದ್ರೆ ಹುಡುಗ ಅಲ್ಲಿ ನಗೆಪಾಟಲಾಗ್ತಾನೆ ಅಂದರು. ಆಗಸ್ಟಿನವರೆಗೂ ಬಂದರು. ನನ್ನ ಜೊತೆ ಮಾತು ನಿಲ್ಲಿಸಲಿಲ್ಲ, ಕಾಫಿ ಬೇಡ ಅನ್ನಲಿಲ್ಲ. ಕಾಫಿಯ ಸಕ್ಕರೆ ಹಿಡಿದು ನನ್ನನ್ನು ಛೇಡಿಸುವುದು ಮಾತ್ರ ನಿಂತಿತು.

ರೋಹನ್ ಕಮ್ಯುನಿಟಿ ಕಾಲೇಜಿಗೆ ಸೇರಿದ. ಮತ್ತೆ ಚೆಂಡು ಮುಟ್ಟಲಿಲ್ಲವಂತೆ. ಈಗ ಮಾರಿಸ್‌ಟೌನ್‌ನಲ್ಲಿ ಫಿಸಿಕಲ್ ಥೆರಪಿ ಸೆಂಟರೊಂದರಲ್ಲಿ ಕೆಲಸ ಮಾಡುತ್ತಾನೆ. ನಿಖಿಲ ಹಳದಿ ಅಂಗಿಯಲ್ಲಿ ಎರಡು ವರ್ಷ ಆಡಿದ. ಮೂರನೇ ವರ್ಷ ಅವರು ಬೇರೆ ಕಾಲೇಜಿನಿಂದ ಇನ್ನೂ ಜೋರಾಗಿ ಒದೆಯುವವನನ್ನು ಕರೆಸಿಕೊಂಡು ಇವನನ್ನು ಬೆಂಚಿಗೆ ಕೂರಿಸಿದರು. ಮಾಡಿದ್ದುಣ್ಣೋ ಮಹರಾಯ ಅಂತ ನನಗೆ ನಾನೇ ಅಂದುಕೊಂಡೆ. ಪಾಪ, ಮಾಡಿದವಳು ನಾನು, ಉಂಡವನು ಅವನು. ಓದು ಮುಗಿಸಿ ಇಂಜಿನಿಯರ್ ಆದ. ನನಗೆ ಬೇಕಾಗಿದ್ದು ಸಿಕ್ಕಿತು. ಆದರೆ ಅವನು ರೋಹನ್ ಜೊತೆ ಮತ್ತೆ ಮಾತಾಡಲಿಲ್ಲ. ಆ ಕಡೆಯಿಂದ ಎಷ್ಟೋ ಮೆಸೇಜು ಬಂದವು, ಇವನೇ ಉತ್ತರ ಕೊಡಲಿಲ್ಲ. ನನ್ನ ಮೇಲಿನ ಆಣೆ ಅವನ ನಾಲಿಗೆಯ ಮೇಲೆ ಇನ್ನೂ ಕೂತಿದೆಯೇನೋ... ಕೇಳುವ ಧೈರ್ಯ ನನಗಿಲ್ಲ.

ಹೋದ ಚಳಿಗಾಲದಲ್ಲಿ ಕೋಚ್ ಅಂಕಲ್ ತೀರಿಕೊಂಡರು. ಮೂರು ದಿನದ ಜ್ವರ, ನಾಲ್ಕನೇ ದಿನ ಇಲ್ಲ. ಫ್ಯೂನರಲ್ ಹೋಮಿನಲ್ಲಿ ಕನ್ನಡ ಸಂಘದವರು, ವೇರ್‌ಹೌಸಿನವರು, ಪಾರ್ಕಿನಲ್ಲಿ ವಾಕಿಂಗ್ ಮಾಡುವವರು, ಎಲ್ಲ ಸೇರಿದ್ದರು. ಅವರ ಪಾದದ ಹತ್ತಿರ ನಿಂತು ನಾನು ಅತ್ತೆ. ರೋಹನ್ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟ. ಎತ್ತರಕ್ಕೆ ಬೆಳೆದಿದ್ದಾನೆ, ತಾತನದೇ ಹುಬ್ಬು. ಇಂಗ್ಲಿಷಿನಲ್ಲಿ ಮಾತಾಡಿದ. ಆಂಟಿ, ನಿಖಿಲ್ ಇನ್ನೂ ಗಿಲ್ಟಿ ಅಂದ್ಕೊಂಡಿದ್ದರೆ ದಯವಿಟ್ಟು ಬೇಡ ಅಂತ ಹೇಳಿ. ತಾತ ನನಗೆ ಆಗಲೇ ಹೇಳಿದ್ದರು, ನಿಮ್ಮ ಮನೆಯವರಿಗೂ ಸೈನಿಂಗ್ ಡೇ ಬೆಳಿಗ್ಗೆಯೇ ಗೊತ್ತಾಗಿದ್ದು, ಮುಂಚೆ ಗೊತ್ತಿದ್ದರೆ ಆ ಆಂಟಿ ನಮಗೆ ಖಂಡಿತ ಹೇಳುತ್ತಿದ್ದರು ಅಂತ. “ಹಿ ಆಲ್ವೇಸ್ ಸೆಡ್ ದಟ್, ಆಂಟಿ.”

ನಮ್ಮ ಅಡುಗೆಮನೆಯಲ್ಲಿ ಬೆರಳು ಮಡಿಸಿ ಎಣಿಸಿದ ಮನುಷ್ಯ, ಮನೆಗೆ ಹೋಗಿ ತನ್ನ ಸ್ವಂತ ಮೊಮ್ಮಗನಿಗೆ ಹಾಗೆ ಹೇಳಿದ್ದರು. ಇಷ್ಟು ವರ್ಷವೂ ಹಾಗೇ ಹೇಳಿಕೊಂಡು ಬಂದಿದ್ದರು. ಆ ಹುಡುಗ ನನ್ನ ಮುಖ ನೋಡುತ್ತ ನಿಂತಿದ್ದ. ಇಲ್ಲಪ್ಪಾ, ನನಗೆ ಗೊತ್ತಿತ್ತು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ನಾನು ಅವನ ಕೈ ಹಿಡಿದುಕೊಂಡು ಹೌದು ಅನ್ನುವಂತೆ ತಲೆ ಆಡಿಸಿದೆ.

ಅಂಕಲ್ ಇದ್ದಿದ್ದರೆ ಒಂದು ಭಾನುವಾರ ಬೆಂಚಿನ ಮೇಲೆ ಪಕ್ಕದಲ್ಲಿ ಕೂತು, ನನ್ನ ಮಾನ ಉಳಿಸಲಿಕ್ಕೆ ಮೊಮ್ಮಗನಿಗೆ ಸುಳ್ಳು ಯಾಕೆ ಹೇಳಿದಿರಿ ಅಂತ ಕೇಳುತ್ತಿದ್ದೆ. ಈಗ ಕೇಳಲು ಯಾರೂ ಇಲ್ಲ. ಅವರಿಲ್ಲ ಅನ್ನುವುದು ನನಗೆ ಪೂರ್ತಿ ನಾಟಿದ್ದೇ ಮೊನ್ನೆ ಗ್ಯಾರೇಜಿನ ಮೆಟ್ಟಿಲ ಮೇಲೆ. ಅವತ್ತೇ ಒಳಗೆ ಬಂದು ಇದನ್ನು ಬರೆಯಲು ಕೂತೆ. ಎಲ್ಲವನ್ನೂ ಬರೆದಿದ್ದೇನೆ, ಹನ್ನೊಂದು ದಿನ, ಎರಡು ಭಾನುವಾರ, ಆಣೆ, ಉಕ್ಕಿದ ಹಾಲು, ಏನೂ ಬಚ್ಚಿಟ್ಟಿಲ್ಲ. ಕನ್ನಡದಲ್ಲಿ ಬರೆದಿದ್ದೇನೆ. ರೋಹನ್‌ಗೆ ಕನ್ನಡ ಓದಲು ಬರುವುದಿಲ್ಲ ಅಂತ ನನಗೆ ಗೊತ್ತು.